ಡಮಾಮಿ ಬಾರಿಸುವ ಕೈಯೂ ಕನ್ನಡದ ಕೈಯೇ!

(ಬ್ಯಾಡರಹಳ್ಳಿಯಲ್ಲಿ ರಾಜ್ಯೋತ್ಸವದ ಸಿದ್ಧತೆಗೆಂದು ಸೇರಿದ್ದ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಲದ ರಾಜ್ಯೋತ್ಸವಕ್ಕೆ ಉತ್ತರ ಕನ್ನಡ ಜಿಲ್ಲೆಯಿಂದ ಸಿದ್ದಿ ಜನರ ಡಮಾಮಿ ತಂಡವನ್ನು ಕರೆಸಬೇಕೆಂದು ನೀವು ತೀರ್ಮಾನ ಮಾಡಿದ್ದೀರಿ. ತುಂಬಾ ಒಳ್ಳೆಯ ತೀರ್ಮಾನ. ಕಿವಿ ಕಿತ್ತು ಹೋಗುವಂತೆ ಸ್ಪೀಕರ್ ಹಾಕಿ, ಯಾವುದೋ ಭಾಷೆಯ ಸಿನಿಮಾ ಹಾಡಿಗೆ ಕುಣಿದು, ಅದನ್ನೇ ರಾಜ್ಯೋತ್ಸವ ಅಂತ ಕರೆಯುವವರ ನಡುವೆ ನೀವು ನಾಡಿನ ಒಂದು ನಿಜವಾದ ಕಲೆಯನ್ನು ವೇದಿಕೆಗೆ ತರುತ್ತಿದ್ದೀರಿ. ಅದಕ್ಕೆ ನಿಮ್ಮ ಬೆನ್ನು ತಟ್ಟುತ್ತೇನೆ.

ಆದರೆ ಬೆನ್ನು ತಟ್ಟಿದ ಕೈಯಲ್ಲೇ ಸ್ವಲ್ಪ ಕಿವಿ ಹಿಂಡುವುದಕ್ಕೂ ಬಂದಿದ್ದೇನೆ. ನಿಮ್ಮ ಕರಪತ್ರದ ಕರಡನ್ನು ನೋಡಿದೆ. ಡೊಳ್ಳು ಕುಣಿತ, ವೀರಗಾಸೆ, ಪೂಜಾ ಕುಣಿತ ಇವೆಲ್ಲ "ಕನ್ನಡ ನಾಡಿನ ಜಾನಪದ ಕಲೆಗಳು" ಅನ್ನುವ ಸಾಲಿನ ಕೆಳಗಿವೆ. ಅದಾದ ಮೇಲೆ ಒಂದು ಗೆರೆ ಎಳೆದು, ಬೇರೆಯಾಗಿ, ದಪ್ಪ ಅಕ್ಷರದಲ್ಲಿ "ವಿಶೇಷ ಆಕರ್ಷಣೆ: ಆಫ್ರಿಕನ್ ನೃತ್ಯ ವೈಭವ" ಎಂದು ಹಾಕಿದ್ದೀರಿ. ಗೆಳೆಯರೇ, ಆ ಗೆರೆಯನ್ನು ಅಳಿಸಿ. ಆ ಸಾಲನ್ನು ಹೊಡೆದು ಹಾಕಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ, ಕಾಲ ಮಿಂಚಿಲ್ಲ. ಯಾಕೆ ಅಳಿಸಬೇಕು ಅನ್ನುವುದನ್ನು ಹೇಳುವುದಕ್ಕೇ ಇವತ್ತಿನ ನನ್ನ ಮಾತು. ಒಂದು ಸಾಲಿಗೆ ಇಷ್ಟು ದೊಡ್ಡ ಭಾಷಣವೇ ಅನ್ನಬೇಡಿ. ಕನ್ನಡಿಗ ಯಾರು ಅನ್ನುವ ಪ್ರಶ್ನೆಯೇ ಆ ಗೆರೆಯಲ್ಲಿ ಕೂತಿದೆ.

ಯಾರು ಈ ಸಿದ್ದಿಗಳು?

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಹಿಡಿದರೆ ನಡುವೆ ಯಲ್ಲಾಪುರ ಸಿಗುತ್ತದೆ. ಆ ಯಲ್ಲಾಪುರ, ಪಕ್ಕದ ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗೂ, ಧಾರವಾಡ ಜಿಲ್ಲೆಯ ಕಲಘಟಗಿಯ ಕಡೆಗೂ ಇದ್ದಾರೆ. ಅಡಿಕೆ ತೋಟದಲ್ಲಿ ಕೂಲಿ, ತುಂಡು ಭೂಮಿಯಲ್ಲಿ ಬತ್ತ, ಕಾಡಿನಲ್ಲಿ ಜೇನು. ಇದು ಬಹುಪಾಲು ಸಿದ್ದಿಗಳ ಬದುಕು. ಅವರ ಮೈಬಣ್ಣ, ಗುಂಗುರು ಕೂದಲು ನೋಡಿ ಬೆಂಗಳೂರಿನವರು ಕಣ್ಣರಳಿಸುತ್ತಾರೆ. ಅವರು ಬಾಯಿ ತೆರೆದು "ಏನ್ ಬೇಕ್ರಿ ನಿಮಗ?" ಅಂದ ಕೂಡಲೇ ಇನ್ನೂ ಅಗಲವಾಗಿ ಅರಳಿಸುತ್ತಾರೆ!

ಅವರು ಇಲ್ಲಿಗೆ ಹೇಗೆ ಬಂದರು? ತಾವಾಗಿ ಬರಲಿಲ್ಲ, ತರಲಾಯಿತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಆಫ್ರಿಕಾದ ಪೂರ್ವ ಕರಾವಳಿಯ ಮೊಜಾಂಬಿಕ್ ಕೂಡ ಅವರ ಕೈಯಲ್ಲಿತ್ತು. ಅಲ್ಲಿಂದ ಗಂಡಸು, ಹೆಂಗಸು, ಮಕ್ಕಳನ್ನು ಹಡಗಿಗೆ ತುಂಬಿ ಗೋವೆಗೆ ತಂದು ದನ ಮಾರಿದ ಹಾಗೆ ಮಾರಿದರು. ಆ ಗುಲಾಮಗಿರಿಯನ್ನು ತಾಳಲಾರದೆ ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಬೆನ್ನಟ್ಟಿ ಬರುವವನಿಗೆ ದಾರಿ ಸಿಗದ ದಟ್ಟ ಕಾಡು ಅವರಿಗೆ ಕೋಟೆಯಾಯಿತು. ಬಿಡುಗಡೆ ಪಡೆದ ಎಷ್ಟೋ ಜನರೂ ಇದೇ ದಾರಿ ಹಿಡಿದರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾದದ್ದು 1869ರಲ್ಲಿ. ಅಂದರೆ ಮೂರೂವರೆ ನೂರು ವರ್ಷಗಳ ಕಾಲ ಈ ಮಾರಾಟ ನಡೆಯಿತು.

ಆಫ್ರಿಕಾದಿಂದ ದಖ್ಖನ್ನಿಗೆ ಬಂದವರಲ್ಲಿ ಇನ್ನೊಂದು ಬಗೆಯವರೂ ಇದ್ದರು. ಹಬ್ಶಿಗಳೆಂದು ಅವರನ್ನು ಕರೆಯುತ್ತಿದ್ದರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರ ರಾಜ್ಯದ ಚುಕ್ಕಾಣಿ ಹಿಡಿದು, ಮೊಗಲರ ನಿದ್ದೆ ಕೆಡಿಸಿದ ಮಲಿಕ್ ಅಂಬರ್ ಸತ್ತದ್ದು 1626ರಲ್ಲಿ. ನಮ್ಮದೇ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಸರದಾರ ಪ್ರಬಲ ಮಂತ್ರಿಯಾಗಿದ್ದ. ಗೋಳಗುಮ್ಮಟ ನೋಡಲು ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೀರಲ್ಲ, ಆ ಗುಮ್ಮಟ ಎದ್ದ ಕಾಲದ ರಾಜಕಾರಣದಲ್ಲಿ ಆಫ್ರಿಕಾ ಮೂಲದವರ ಕೈ ಇತ್ತು ಅನ್ನುವುದನ್ನು ನಮ್ಮ ಪಠ್ಯಪುಸ್ತಕ ಎಷ್ಟು ಜನಕ್ಕೆ ಹೇಳಿತು?

2011ರಲ್ಲಿ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಇವರ ಮೂಲ ಬಂಟು ಭಾಷೆಗಳನ್ನಾಡುವ ಆಫ್ರಿಕಾದ ಜನರಲ್ಲಿದೆ, ಜೊತೆಗೆ ಇಲ್ಲಿನ ನೆರೆಹೊರೆಯವರ ರಕ್ತವೂ ಬೆರೆತಿದೆ ಎಂದು ಅದು ಹೇಳಿತು. ಬೇರು ಅಲ್ಲಿಯದು, ನಿಜ. ಆದರೆ ಬೇರನ್ನು ಕೇಳಿದರೆ ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದದ್ದು, ಅದನ್ನು ತಂದವರೂ ಪೋರ್ಚುಗೀಸರೇ! ಬ್ಯಾಡಗಿ ಮೆಣಸಿನಕಾಯಿಯನ್ನು ಯಾರಾದರೂ ಅಮೆರಿಕನ್ ಮೆಣಸಿನಕಾಯಿ ಅನ್ನುತ್ತೀರಾ? ನಾಲ್ಕೈದು ನೂರು ವರ್ಷ ನಮ್ಮ ಮಣ್ಣಿನಲ್ಲಿ ಬೆಳೆದು ಅದು ನಮ್ಮದಾಗಿದೆ. ಮೆಣಸಿನಕಾಯಿಗೆ ಕೊಟ್ಟ ಪೌರತ್ವವನ್ನು ಮನುಷ್ಯನಿಗೆ ಕೊಡಲು ನಮಗೇಕೆ ಇಷ್ಟು ಹಿಂಜರಿಕೆ?

ಡಮಾಮಿ ಯಾವ ದೇಶದ್ದು?

ಈಗ ಡಮಾಮಿಯ ವಿಷಯಕ್ಕೆ ಬರೋಣ. ಡಮಾಮಿ ಅಂದರೆ ವಾದ್ಯವೂ ಹೌದು, ಕುಣಿತವೂ ಹೌದು. ಮರದ ಒಡಲು, ಬಿಗಿದ ಚರ್ಮ, ಅದರ ಮೇಲೆ ಬರಿಗೈ ಪೆಟ್ಟು. ದಿನದ ದುಡಿಮೆ ಮುಗಿಸಿ, ಹಬ್ಬಕ್ಕೋ ಮದುವೆಗೋ ಜನ ಸೇರಿದಾಗ ಡಮಾಮಿ ಮೊಳಗುತ್ತದೆ. ಗಂಡಸರು ಹೆಂಗಸರು ಕೂಡಿಯೇ ಕುಣಿಯುತ್ತಾರೆ. ಹೆಂಗಸರ ಫುಗಡಿ ಕುಣಿತ ಇನ್ನೊಂದು ಸೊಗಸು. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ ಎಂಬ ಅವರ ದೈವದ ಸ್ಥಳವಿದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಆದರೆ ಹಿರಿಯರ ನೆನಪಿನ ಆ ಜಾಗಕ್ಕೆ ಬರುವಾಗ ಯಾರೂ ಯಾರ ಮತವನ್ನೂ ಕೇಳುವುದಿಲ್ಲ. ಹೆಸರು ಪರಶುರಾಮನಿರಲಿ, ಜುಜೆಯಿರಲಿ, ಇಮಾಮನಿರಲಿ, ಕೊನೆಗೊಂದು "ಸಿದ್ದಿ" ಇರುತ್ತದೆ. ಜಾತಿ ಸಂಘಗಳ ಹೆಸರಿನಲ್ಲಿ ಹರಿದು ಹಂಚಿಹೋಗಿರುವ ನಾವು ಅವರ ಮುಂದೆ ಸ್ವಲ್ಪ ತಲೆ ತಗ್ಗಿಸಬೇಕು.

ಆಫ್ರಿಕಾದ ನೆನಪು ಆ ಪೆಟ್ಟಿನಲ್ಲಿ ಇದೆಯೇ? ಖಂಡಿತ ಇದೆ. ಬಂಟು ಭಾಷೆಗಳಲ್ಲಿ "ಎನ್ಗೋಮ" ಅನ್ನುವ ಮಾತಿದೆ. ಅದಕ್ಕೆ ನಗಾರಿ ಎಂದೂ ಅರ್ಥ, ನಗಾರಿಯ ಸುತ್ತ ನಡೆಯುವ ಕುಣಿತ ಹಾಡು ಎಂದೂ ಅರ್ಥ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ಇವತ್ತಿಗೂ "ಗೋಮ" ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಸಿದ್ದಿಗಳಲ್ಲಿ ಆ ಮಾತು ಉಳಿಯದಿದ್ದರೂ, ವಾದ್ಯಕ್ಕೂ ಕುಣಿತಕ್ಕೂ ಒಂದೇ ಹೆಸರಿಡುವ ಬಗೆ ಉಳಿದಿದೆ ನೋಡಿ. ಸರಪಳಿ ಹಾಕಿ ತಂದವರ ಕೈಯಲ್ಲಿ ಗಂಟುಮೂಟೆ ಇರಲಿಲ್ಲ. ತಾಳ ಮಾತ್ರ ಮೈಯೊಳಗೇ ಇತ್ತು, ಅದನ್ನು ಯಾವ ಪೋರ್ಚುಗೀಸನಿಗೂ ಕಿತ್ತುಕೊಳ್ಳಲು ಆಗಲಿಲ್ಲ.

ಆದರೆ ಅಷ್ಟೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಡಮಾಮಿಯ ಮರ ಯಾವ ಕಾಡಿನದು? ಸಹ್ಯಾದ್ರಿಯದು. ಹಾಡಿನ ಮಾತು ಯಾವುದು? ಕೊಂಕಣಿ, ಕನ್ನಡ, ನಡುವೆ ಒಂದಿಷ್ಟು ಮರಾಠಿ. ಹೆಸರು? ಪರ್ಷಿಯನ್ ಭಾಷೆಯಲ್ಲಿ ನಗಾರಿಗೆ "ದಮಾಮ" ಎನ್ನುತ್ತಾರೆ, ಆ ಸದ್ದು ಇದರಲ್ಲಿದೆ. ಅವರು ಹಾಡುವುದು ಯಾವುದರ ಮೇಲೆ? ಇಲ್ಲಿನ ಕಾಡಿನ ಮೇಲೆ, ಇಲ್ಲಿನ ಪ್ರಾಣಿ ಪಕ್ಷಿಗಳ ಮೇಲೆ, ಇಲ್ಲಿನ ಒಡೆಯನ ದೌರ್ಜನ್ಯದ ಮೇಲೆ. ಇಂಥ ಡಮಾಮಿಯನ್ನು ಮೊಜಾಂಬಿಕ್‌ಗೆ ಒಯ್ದು ಬಾರಿಸಿದರೆ ಅಲ್ಲಿಯವರು "ಇದು ನಿಮ್ಮ ಊರಿನ ಕಲೆ, ಚೆನ್ನಾಗಿದೆ" ಅನ್ನುತ್ತಾರೆ. ಬೆಂಗಳೂರಿಗೆ ತಂದರೆ ನಾವು "ಇದು ಅವರ ಊರಿನ ಕಲೆ, ಚೆನ್ನಾಗಿದೆ" ಅನ್ನುತ್ತೇವೆ. ಹಾಗಾದರೆ ಅದಕ್ಕೆ ಊರೇ ಇಲ್ಲವೇ?

ಬ್ರೆಜಿಲ್ ದೇಶವನ್ನು ನೋಡಿ. ಅದೇ ಪೋರ್ಚುಗೀಸರು, ಅದೇ ಗುಲಾಮರ ಹಡಗು, ಅದೇ ಆಫ್ರಿಕಾ. ಅಲ್ಲಿಗೆ ಹೋದವರ ತಾಳದಿಂದ ಸಾಂಬಾ ಹುಟ್ಟಿತು. ಇವತ್ತು ಸಾಂಬಾ ಅಂದರೆ ಬ್ರೆಜಿಲ್, ಬ್ರೆಜಿಲ್ ಅಂದರೆ ಸಾಂಬಾ. ಅಲ್ಲಿ ಬಣ್ಣದ ಭೇದ ಇಲ್ಲ ಅಂತ ನಾನು ಹೇಳುತ್ತಿಲ್ಲ, ಇದೆ. ಆದರೂ ಸಾಂಬಾ ತಮ್ಮದು ಅನ್ನಲು ಆ ದೇಶ ನಾಚಲಿಲ್ಲ. ಡಮಾಮಿ ಕನ್ನಡದ್ದು ಅನ್ನಲು ನಮಗೇನು ನಾಚಿಕೆ?

ಮನೆಮಾತಿನ ತಕರಾರು

ನಿಮ್ಮಲ್ಲೊಬ್ಬ ಗೆಳೆಯ ಆಗಲೇ ಎದ್ದು ಕೇಳಿದ: "ಸಾರ್, ಅವರ ಮನೆಮಾತು ಕೊಂಕಣಿ ಅಂತೀರಿ. ಮತ್ತೆ ಅವರು ಕನ್ನಡಿಗರು ಹೇಗಾಗ್ತಾರೆ?" ಒಳ್ಳೆಯ ಪ್ರಶ್ನೆ. ಕೇಳಿದ್ದಕ್ಕೆ ಅವನನ್ನು ಯಾರೂ ಬೈಯಬೇಡಿ. ಉತ್ತರ ಕೊಡುತ್ತೇನೆ.

ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರ ಮನೆಮಾತು ತಮಿಳು. ಕೈಲಾಸಂ ಅವರದೂ ತಮಿಳು. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ, ಪಂಜೆ ಮಂಗೇಶರಾಯರದು ಕೊಂಕಣಿ, ಗಿರೀಶ ಕಾರ್ನಾಡರದೂ ಕೊಂಕಣಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಮೂರು, ಮನೆಯಲ್ಲಿ ಬೇರೆ ಮಾತಾಡುತ್ತಿದ್ದ ಬೇಂದ್ರೆ, ಮಾಸ್ತಿ, ಕಾರ್ನಾಡರ ಮೂಲಕ ಬಂದವು. ಇವರ ಹೆಸರು ಹೇಳಿಯೇ ನಾವು ಎದೆ ಉಬ್ಬಿಸಿಕೊಳ್ಳುತ್ತೇವೆ. ಬೇಂದ್ರೆಯವರಿಗೆ ಒಂದು ಅಳತೆ, ಯಲ್ಲಾಪುರದ ಕೂಲಿಯವನಿಗೆ ಇನ್ನೊಂದು ಅಳತೆಯೇ?

ಕನ್ನಡಿಗ ಅನ್ನುವುದಕ್ಕೆ ಅಳತೆಗೋಲನ್ನು ಸರ್ಕಾರವೂ ಬರೆದಿಟ್ಟಿದೆ. 2024ರ ಜುಲೈಯಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಕೊಡಬೇಕೆಂಬ ಮಸೂದೆಯನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು. ಉದ್ಯಮಪತಿಗಳು ಗದ್ದಲ ಎಬ್ಬಿಸಿದ ಕೂಡಲೇ ಅದನ್ನು ತಡೆಹಿಡಿದರು, ಆ ನೋವು ನಿಮಗೂ ಗೊತ್ತು ನನಗೂ ಗೊತ್ತು. ಆ ಮಸೂದೆಯಲ್ಲಿ ಸ್ಥಳೀಯ ಅಂದರೆ ಯಾರು ಎಂದಿತ್ತು? ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ನೆಲೆಸಿರಬೇಕು, ಕನ್ನಡವನ್ನು ಆಡಲು, ಓದಲು, ಬರೆಯಲು ಬರಬೇಕು. ಅದರಲ್ಲಿ ಮೈಬಣ್ಣದ ಮಾತಿಲ್ಲ, ಕೂದಲಿನ ಮಾತಿಲ್ಲ, ಮನೆಮಾತಿನ ಮಾತೂ ಇಲ್ಲ. 15 ವರ್ಷ ಕೇಳಿದರೆ ಸಿದ್ದಿ ಅದರ ಮುಂದೆ ಒಂದು ಸೊನ್ನೆ ಹಾಕಿ, ಅದರಾಚೆಗೂ ಲೆಕ್ಕ ಕೊಡುತ್ತಾನೆ. ಅವನ ಮಕ್ಕಳು ಓದುವುದು ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ನಮ್ಮ ಮಕ್ಕಳು ಓದುವುದು ಎಲ್ಲಿ? ಇಲ್ಲಿ ಕೂತಿರುವ ಹಿರಿಯರು ಎದೆ ಮುಟ್ಟಿಕೊಂಡು ಹೇಳಲಿ. ಕಾನ್ವೆಂಟಿನಲ್ಲಿ ಓದಿ ಕನ್ನಡದ ಕಾಗುಣಿತ ಬಾರದವನು ಹುಟ್ಟಿನಿಂದ ಕನ್ನಡಿಗ, ಕನ್ನಡ ಶಾಲೆಯಲ್ಲಿ ಓದಿದ ಸಿದ್ದಿ ಹುಡುಗಿ ಆಫ್ರಿಕದವಳು! ಇದು ಯಾವ ನ್ಯಾಯ?

ಕಾಲು ಬೇಕು, ಕೈ ಬೇಕು, ಮನುಷ್ಯ ಬೇಡ

ಈ ತಪ್ಪು ನಿಮ್ಮ ಕರಪತ್ರದಲ್ಲಿ ಮೊದಲು ಆದದ್ದಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂದರು. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲ ಅದು. ಆಫ್ರಿಕಾ ಮೂಲದವರಲ್ಲವೇ, ಓಡುತ್ತಾರೆ, ಒಲಿಂಪಿಕ್ಸ್ ಪದಕ ತರುತ್ತಾರೆ ಎಂಬ ಲೆಕ್ಕಾಚಾರ. ಮಕ್ಕಳಿಗೆ ಊಟ, ಓದು, ತರಬೇತಿ ಸಿಕ್ಕಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಆದರೆ 1993ರ ಹೊತ್ತಿಗೆ ಯೋಜನೆ ನಿಂತಿತು. ಓದನ್ನೂ ಊರನ್ನೂ ಬಿಟ್ಟು ಬಂದಿದ್ದ ಎಷ್ಟೋ ಮಕ್ಕಳು ಮತ್ತೆ ಕೂಲಿಗೆ ಮರಳಿದರು. ಪದಕ ಬರುವ ತನಕ ಕಾಲು ಬೇಕು. ಪದಕ ತಡವಾದರೆ ಮನುಷ್ಯ ಬೇಡ.

ಈಗ ನಾವು ಮಾಡುತ್ತಿರುವುದೇನು? ಮೆರವಣಿಗೆಗೆ ಡಮಾಮಿ ಬೇಕು, ಉತ್ಸವಕ್ಕೆ ಡಮಾಮಿ ಬೇಕು. 2021ರಲ್ಲಿ "ಸಲಗ" ಸಿನಿಮಾದ "ಟಿಣಿಂಗ ಮಿಣಿಂಗ ಟಿಶ್ಯಾ" ಹಾಡು ಬಂದಾಗ ಈ ಬ್ಯಾಡರಹಳ್ಳಿಯ ಯಾವ ಬೀದಿಯಲ್ಲಿ ಅದು ಕೇಳಲಿಲ್ಲ? ಆಟೋದಲ್ಲಿ ಅದೇ, ಗಣೇಶನ ಮೆರವಣಿಗೆಯಲ್ಲಿ ಅದೇ. ಹಾಡಿದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇದ್ದರು. ನಿಮ್ಮ ಕಾಲು ಕುಣಿಯಿತು. ಸಂತೋಷ. ಆದರೆ ಅದೇ ಊರಿನ ಸಿದ್ದಿ ಯುವಕ ಕೆಲಸ ಹುಡುಕಿಕೊಂಡು ಬಂದು ಮಾಗಡಿ ರಸ್ತೆಯಲ್ಲಿ ಬಾಡಿಗೆ ಮನೆ ಕೇಳಿದರೆ? "ಫಾರಿನರ್ಸ್‌ಗೆ ಕೊಡಲ್ಲ" ಅನ್ನುವ ಉತ್ತರ ಬಂದರೆ? ಪಾಸ್‌ಪೋರ್ಟ್ ತೋರಿಸು ಅಂದರೆ? ಯಲ್ಲಾಪುರದ ಪಡಿತರ ಚೀಟಿ ಕೈಯಲ್ಲಿ ಹಿಡಿದವನು ಯಾವ ದೇಶದ ಪಾಸ್‌ಪೋರ್ಟ್ ತರಬೇಕು?

ಕನ್ನಡವೇ ಇದಕ್ಕಿಂತ ದೊಡ್ಡ ದಾರಿಯನ್ನು ಆಗಲೇ ತೋರಿಸಿದೆ. 1980ರ ದಶಕದಲ್ಲಿ ನೀನಾಸಂನ ರಂಗಕರ್ಮಿ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ಕಲಾವಿದರನ್ನಾಗಿ ಮಾಡಿ ಒಂದು ನಾಟಕ ಆಡಿಸಿದರು. "ಕಪ್ಪು ಜನ ಕೆಂಪು ನೆರಳು" ಅದರ ಹೆಸರು. ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ. ಬಿಳಿಯರು ಬಂದು ಆಫ್ರಿಕಾದ ಒಂದು ಹಳ್ಳಿಯನ್ನು ಹೇಗೆ ಮುರಿದರು ಅನ್ನುವ ಕಥೆ. ಯೋಚಿಸಿ ನೋಡಿ ಗೆಳೆಯರೇ! ಆಫ್ರಿಕಾದ ಕಥೆ, ಆಫ್ರಿಕಾದಿಂದ ಹರಿದು ಬಂದ ರಕ್ತ, ಅವೆರಡನ್ನೂ ಬೆಸೆದ ಭಾಷೆ ಕನ್ನಡ. ತಮ್ಮ ಹಿರಿಯರಿಗೆ ಆದದ್ದನ್ನು ಆ ಜನ ಕನ್ನಡದಲ್ಲಿ ಆಡಿ ತೋರಿಸಿದರು. ಆ ಪ್ರಯೋಗದ ನಂತರ ಸಿದ್ದಿಗಳಿಂದ ರಂಗಭೂಮಿಗೆ ನಟರು ಬಂದರು, ನಿರ್ದೇಶಕರು ಬಂದರು, ಹೆಗ್ಗೋಡಿನಲ್ಲಿ ಕಲಿತರು. ಅಲ್ಲಿ ಅವರನ್ನು "ವಿಶೇಷ ಆಕರ್ಷಣೆ"ಯನ್ನಾಗಿ ಮಾಡಲಿಲ್ಲ. ಅವರ ಬಾಯಿಗೆ ಮಾತು ಕೊಟ್ಟರು. ನಮ್ಮ ವೇದಿಕೆಗಳಲ್ಲಿ ಕುಣಿತಕ್ಕೆ ಹತ್ತು ನಿಮಿಷ ಕೊಡುತ್ತೇವೆ, ಮಾತಿಗೆ ಒಂದು ನಿಮಿಷ ಕೊಡುವುದಿಲ್ಲ.

ಕಾಗದದ ಮೇಲಿನ ಹೋರಾಟ

ಸಿದ್ದಿಗಳಿಗೆ ಮಾತು ಕೊಟ್ಟರೆ ಏನು ಹೇಳುತ್ತಾರೆ? ಭೂಮಿಯ ಬಗ್ಗೆ ಹೇಳುತ್ತಾರೆ. ಅದು ನಿಮಗೂ ಗೊತ್ತಿರಬೇಕು.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ! ಅದೂ ಜಿಲ್ಲೆಯ ಗಡಿಯೊಳಗಿನವರಿಗೆ ಮಾತ್ರ. ಗಡಿ ದಾಟಿದ ಕೂಡಲೇ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅದೇ ಸಿದ್ದಿಗಳು, ಅದೇ ನೆಂಟರಿಷ್ಟರು, ಪಟ್ಟಿಯ ಹೊರಗೆ. ಅವರು ಪಟ್ಟಿಗೆ ಬಂದದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ.

ಪಟ್ಟಿಯಲ್ಲಿ ಹೆಸರಿದ್ದರೆ ಏನು ಲಾಭ ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಕಾಡುಭೂಮಿಯಲ್ಲಿ ಇದ್ದೆ, ಸಾಗುವಳಿ ಮಾಡಿದ್ದೆ ಎಂದು ತೋರಿಸಿದರೆ ಹಕ್ಕು ಕೇಳಬಹುದು. ಪಟ್ಟಿಯಲ್ಲಿ ಇಲ್ಲದವನು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೇನೆಂದು ರುಜುವಾತು ಮಾಡಬೇಕು. ಒಡೆಯನ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದವನ ಮೊಮ್ಮಗ 75 ವರ್ಷದ ಕಾಗದ ಎಲ್ಲಿಂದ ತರುತ್ತಾನೆ? ಕಾಗದಕ್ಕೆ ಸಿಗಬಾರದೆಂದೇ ಅವನ ಅಜ್ಜ ಕಾಡಿಗೆ ಹೋದದ್ದು! 2003ರ ಆ ಒಂದು ಸಾಲಿನ ತಿದ್ದುಪಡಿ ಎಷ್ಟು ಮನೆಗಳ ಒಲೆಯ ಪ್ರಶ್ನೆಯಾಗಿತ್ತು ಅನ್ನುವುದು ಈಗ ಅರ್ಥವಾಯಿತೇ?

2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ನಮ್ಮ ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು. ಪಕ್ಷ ಯಾವುದೇ ಇರಲಿ, ಅದು ಇಲ್ಲಿ ಮುಖ್ಯವಲ್ಲ. 1956ರಲ್ಲಿ ಏಕೀಕರಣವಾದ ನಾಡಿನಲ್ಲಿ ಒಬ್ಬ ಸಿದ್ದಿ ವಿಧಾನಸೌಧದ ಮೆಟ್ಟಿಲು ಹತ್ತಿ ಒಳಗೆ ಕೂರಲು 64 ವರ್ಷ ಬೇಕಾಯಿತು ಅನ್ನುವುದು ಮುಖ್ಯ. ಏಕೀಕರಣ ನಕ್ಷೆಯಲ್ಲಿ ಅಂದೇ ಮುಗಿಯಿತು. ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ.

ನಿಜವಾದ ಆಫ್ರಿಕದವರ ಮಾತೇನು?

ಬೆಂಗಳೂರಿನಲ್ಲಿ ಓದಲು ಬಂದಿರುವ ಆಫ್ರಿಕಾದ ವಿದ್ಯಾರ್ಥಿಗಳೂ ಇದ್ದಾರೆ. ಅವರ ಬಗ್ಗೆಯೂ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಸಿದ್ದಿಗಳು ನಮ್ಮವರು, ಆದ್ದರಿಂದ ಅವರಿಗೆ ಮರ್ಯಾದೆ ಕೊಡಿ, ಉಳಿದವರಿಗೆ ಬೇಡ ಎಂದು ನಾನು ಹೇಳಿದೆ ಅಂತ ಯಾರೂ ತಿಳಿಯಬಾರದು.

2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಕಡೆ ಏನಾಯಿತು, ನೆನಪಿದೆಯೇ? ಸುಡಾನ್ ದೇಶದವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತಳು. ಆ ಸಾವು ಘೋರವೇ. ಆದರೆ ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ, ಬೇರೆಯೇ ದೇಶವಾದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು. ಅವಳಿದ್ದ ಕಾರಿಗೆ ಬೆಂಕಿ ಇಟ್ಟಿತು. ಗುಂಪಿಗೆ ಕಂಡದ್ದು ಚರ್ಮದ ಬಣ್ಣ ಮಾತ್ರ. ಲೋಕವೆಲ್ಲ ಬೆಂಗಳೂರಿನ ಹೆಸರು ಹೇಳಿ ಉಗುಳಿತು. ಕನ್ನಡಿಗರು ಶಾಂತಿಪ್ರಿಯರು, ಅತಿಥಿ ಸತ್ಕಾರದವರು ಎಂದು ನಾವು ಹೇಳಿಕೊಂಡು ಬಂದ ಮಾತಿಗೆ ಒಂದೇ ರಾತ್ರಿಯಲ್ಲಿ ಮಸಿ ಬಿತ್ತು. ಆ ಗುಂಪಿನ ಎದುರು ಅವತ್ತು ಒಬ್ಬ ಸಿದ್ದಿ ಹುಡುಗಿ ಸಿಕ್ಕಿದ್ದರೆ? "ನಾನು ಕನ್ನಡದವಳು" ಎಂದು ಅವಳು ಹೇಳಿ ಮುಗಿಸುವ ತನಕ ಗುಂಪು ಕಾಯುತ್ತಿತ್ತೇ?

ನಾವು ಹೋರಾಟ ಮಾಡುವುದು ಭಾಷೆಗಾಗಿ, ಕೆಲಸಕ್ಕಾಗಿ, ನೀರಿಗಾಗಿ, ಗಡಿಗಾಗಿ. ಚರ್ಮಕ್ಕಾಗಿ ಅಲ್ಲ. ಚರ್ಮ ನೋಡಿ ಕೈ ಎತ್ತುವವನು ಹೆಗಲ ಮೇಲೆ ಹಳದಿ ಕೆಂಪು ಶಾಲು ಹಾಕಿದ್ದರೆ ಮೊದಲು ಆ ಶಾಲನ್ನು ಕಿತ್ತುಕೊಳ್ಳಿ. ಹೊರದೇಶದಿಂದ ಓದಲು ಬಂದವರಿಗೆ ನಾಲ್ಕು ಕನ್ನಡ ಮಾತು ಕಲಿಸಿ. ಕಲಿಯದಿದ್ದರೆ ಮತ್ತೆ ಕಲಿಸಿ. ಅದು ನಮ್ಮ ಕೆಲಸ.

ಈಗ ಮಾಡಬೇಕಾದ್ದು

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಸಭೆ ಇದಾಗಬಾರದು. ಇಷ್ಟು ಕೆಲಸ ನಿಮ್ಮ ಮೇಲಿದೆ.

ಮೊದಲನೆಯದು, ಕರಪತ್ರ. "ಉತ್ತರ ಕನ್ನಡದ ಸಿದ್ದಿಗಳ ಡಮಾಮಿ" ಎಂದು ಡೊಳ್ಳಿನ ಪಕ್ಕದಲ್ಲೇ ಹಾಕಿ, ಅದೇ ಅಕ್ಷರದ ಅಳತೆಯಲ್ಲಿ.

ಎರಡನೆಯದು, ಸಂಭಾವನೆ. ಸಿನಿಮಾ ಗಾಯಕನಿಗೆ ಲಕ್ಷ, ಜಾನಪದ ತಂಡಕ್ಕೆ ಶಾಲು ಮತ್ತು ಹಣ್ಣಿನ ಬುಟ್ಟಿ ಎಂಬ ಪದ್ಧತಿ ಬಿಡಿ. ಯಲ್ಲಾಪುರದಿಂದ ಬಂದು ಹೋಗುವ ಖರ್ಚು, ಎರಡು ಹೊತ್ತಿನ ಒಳ್ಳೆಯ ಊಟ, ಮಲಗಲು ಮರ್ಯಾದೆಯ ಜಾಗ, ಕೈಗೆ ಒಪ್ಪಿದ ದುಡ್ಡು. ಕುಣಿತ ಮುಗಿದ ರಾತ್ರಿಯೇ ಕೊಡಿ. "ನಾಳೆ ಬನ್ನಿ" ಅನ್ನಬೇಡಿ. ಅವರ ನಾಳೆ ಇರುವುದು ಹದಿನಾಲ್ಕು ತಾಲೂಕು ಆಚೆ.

ಮೂರನೆಯದು, ಮೈಕು. ಕುಣಿತಕ್ಕೆ ಮೊದಲು ತಂಡದ ಒಬ್ಬ ಅಕ್ಕನಿಗೋ ಅಣ್ಣನಿಗೋ ಹತ್ತು ನಿಮಿಷ ಮೈಕು ಕೊಡಿ. ಅವರ ಊರು, ಅವರ ಶಾಲೆ, ಅವರ ಭೂಮಿ ಬಗ್ಗೆ ಅವರೇ ಮಾತಾಡಲಿ. ನಿರೂಪಕ ಅವರನ್ನು "ಆಫ್ರಿಕಾದ ಅತಿಥಿಗಳು" ಅಂದರೆ ಮೈಕು ಕಿತ್ತುಕೊಳ್ಳುವ ಕೆಲಸ ನಾನೇ ಮಾಡುತ್ತೇನೆ!

ನಾಲ್ಕನೆಯದು, ಕೌದಿ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿಯುವ ಕೌದಿಗಳು ಹೊರದೇಶಗಳ ಪ್ರದರ್ಶನದ ತನಕ ಹೋಗಿವೆ. ಪೆಂಡಾಲಿನ ಪಕ್ಕ ಒಂದು ಮಳಿಗೆ ಹಾಕಿಕೊಡಿ, ಬಾಡಿಗೆ ತೆಗೆದುಕೊಳ್ಳಬೇಡಿ. ಚೌಕಾಸಿ ಮಾಡದೆ ಒಂದೊಂದು ಕೊಳ್ಳಿ.

ಐದನೆಯದು, ಎಲ್ಲಕ್ಕಿಂತ ಕಷ್ಟದ್ದು. ಪೆಂಡಾಲು ಬಿಚ್ಚಿದ ಮೇಲಿನ ಮುನ್ನೂರ ಅರವತ್ತನಾಲ್ಕು ದಿನ. ಈ ಬಡಾವಣೆಯಲ್ಲಿ ಸಿದ್ದಿ ಯುವಕನೊಬ್ಬ ಬಾಡಿಗೆ ಮನೆ ಹುಡುಕಿಕೊಂಡು ಬಂದರೆ ನಿಮ್ಮಲ್ಲೊಬ್ಬ ಅವನ ಜೊತೆ ಹೋಗಿ "ಇವನು ನಮ್ಮ ಜಿಲ್ಲೆಯವನು, ನಾನು ಜವಾಬ್ದಾರಿ" ಅನ್ನಬೇಕು. ಕಾರ್ಖಾನೆಯಲ್ಲಿ ಕನ್ನಡಿಗರಿಗೆ ಕೆಲಸ ಕೊಡಿ ಎಂದು ಮನವಿ ಪತ್ರ ಹಿಡಿದು ಹೋಗುವಾಗ ನಿಮ್ಮ ಹೆಸರಿನ ಪಟ್ಟಿಯಲ್ಲಿ ಸಿದ್ದಿಯ ಹೆಸರೂ ಇರಬೇಕು. ಠಾಣೆಯಲ್ಲಿ ಅವನನ್ನು ಕೂರಿಸಿದ್ದಾರೆ ಅಂತ ಸುದ್ದಿ ಬಂದರೆ, ನಿಮ್ಮ ತಮ್ಮನನ್ನು ಕೂರಿಸಿದಾಗ ಓಡುವಂತೆ ಓಡಬೇಕು.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನಿಮ್ಮ ಚಿಕ್ಕಪ್ಪನ ಮಗಳಿರಬಹುದು. ಅಲ್ಲೇ ಹುಟ್ಟಿ ಅಲ್ಲೇ ಓದಿದ ಆ ಮಗುವನ್ನು "ಅದೆಲ್ಲ ಸರಿ, ನಿಜವಾಗಿ ನೀನು ಎಲ್ಲಿಯವಳು?" ಎಂದು ಕೇಳಿದರೆ ಅವಳಿಗೆ ಎಷ್ಟು ಚುಚ್ಚುತ್ತದೆ ಅನ್ನುವುದನ್ನು ಅವಳನ್ನೇ ಕೇಳಿ ನೋಡಿ. ಒಂದು ತಲೆಮಾರಿಗೇ ಅಷ್ಟು ನೋವು. ಸಿದ್ದಿಗೆ ಅದು ಹತ್ತಾರು ತಲೆಮಾರಿನ ನೋವು. ಅವನಿಗೆ ಮರಳಿ ಹೋಗಲು ಬೇರೆ ಊರಿಲ್ಲ.

ಈ ಊರಿನ ಹೆಸರನ್ನೇ ನೋಡಿ. ಬ್ಯಾಡರಹಳ್ಳಿ ಅಂದರೆ ಬೇಡರ ಹಳ್ಳಿ, ಕಾಡು ಬಲ್ಲ ಜನರ ಹೆಸರು. ಇವತ್ತು ಇಲ್ಲಿ ತುಮಕೂರಿನವರಿದ್ದೀರಿ, ಹಾಸನದವರಿದ್ದೀರಿ, ಮಂಡ್ಯದವರಿದ್ದೀರಿ, ರಾಯಚೂರು ಕಲಬುರಗಿಯವರಿದ್ದೀರಿ. ಬಂದ ದಿನ ನಿಮ್ಮನ್ನು ಯಾರೂ "ಬ್ಯಾಡ" ಅನ್ನಲಿಲ್ಲ. ಯಲ್ಲಾಪುರದಿಂದ ಬರುವವನಿಗೂ ಆ ಮಾತು ಕೇಳಿಸಬಾರದು.

ನವೆಂಬರಿನಲ್ಲಿ ಡಮಾಮಿ ಮೊಳಗಲಿ. ಮೊದಲ ಪೆಟ್ಟು ಬಿದ್ದಾಗ ಕೈ ತಟ್ಟಿ. ಕೊನೆಯ ಪೆಟ್ಟು ನಿಂತ ಮೇಲೆ ಅವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿ. ಕರಪತ್ರದ ಕರಡನ್ನು ಈಗಲೇ ಇಲ್ಲಿಗೆ ತನ್ನಿ, ಪೆನ್ನು ನನ್ನ ಜೇಬಿನಲ್ಲಿದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!